ರಾಗಿ ತೆನೆ ಕಟ್ಟುವ ಮುನ್ನ ಹಾರಿಹೋದ ದಳ

ಬೆಂಗಳೂರಿನಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ಬಸ್ಸು ಯಲಹಂಕ ಉಪನಗರವನ್ನು ಹಿಂದೆ ಬಿಟ್ಟು ಸ್ವಲ್ಪ ದೂರ ಸಾಗುತ್ತಲೇ ಬಲಗಡೆಗೆ ಒಂದು ಉದ್ದನೆಯ ಕಾಂಪೌಂಡು ಗೋಡೆ ಜೊತೆಯಾಗುತ್ತದೆ. ಗೋಡೆಯ ಮೇಲೆ ಮುಳ್ಳುತಂತಿ. ಅಲ್ಲಲ್ಲಿ ಫೋಟೋ ತೆಗೆಯಬಾರದೆಂಬ ಎಚ್ಚರಿಕೆಯ ಫಲಕ. ಕಿಟಕಿ ಪಕ್ಕ ಕುಳಿತವರು ಒಮ್ಮೆ ಅತ್ತ ನೋಡುತ್ತಾರೆ. ಮತ್ತೆ ತಮ್ಮ ಮೊಬೈಲಿಗೋ ತೂಕಡಿಕೆಗೋ ಮರಳುತ್ತಾರೆ. ನಿತ್ಯ ಓಡಾಡುವವರಿಗೆ ಅದು ‘ಏರ್‌ಫೋರ್ಸು’. ಅಷ್ಟೇ. ಒಳಗೇನಿದೆ ಎಂದು ಕೇಳುವವರಿಲ್ಲ. ಕೇಳಿದರೂ ಒಳಗೆ ಬಿಡುವವರಿಲ್ಲ.

ನಾನು ಆ ಗೋಡೆ ಮುಗಿಯುವ ಕಡೆ ಬಸ್ಸಿನಿಂದ ಇಳಿದೆ. ಸೆಪ್ಟೆಂಬರಿನ ಮಧ್ಯಾಹ್ನ. ಹಿಂದಿನ ರಾತ್ರಿ ಮಳೆಯಾಗಿ ಕೆಮ್ಮಣ್ಣು ಅಂಟಂಟಾಗಿತ್ತು. ರಸ್ತೆಯಂಚಿನ ಚಹಾದಂಗಡಿಯಲ್ಲಿ ಕುಳಿತಿದ್ದ ಹಿರಿಯರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

‘ಇಮಾನ ನೋಡಾಕೆ ಬಂದ್ರಾ ಸ್ವಾಮಿ? ಶೋ ಇರಾದು ಫೆಬ್ರವರೀಲಿ.’

‘ಇಲ್ಲ ಯಜಮಾನ್ರೇ, ಹಳೇದೊಂದು ವಿಮಾನದ ದಂಡಿನ ವಿಷಯ ಹುಡುಕ್ಕೊಂಡು ಬಂದೆ.’

‘ಎಷ್ಟು ಹಳೇದು?’

‘ಎಂಬತ್ತು ವರ್ಷ.’

‘ಅಂಗಾದ್ರೆ ನನ್ನ ಕೇಳಬ್ಯಾಡಿ. ನಮ್ಮಪ್ಪನ್ನ ಕೇಳಬೇಕಿತ್ತು. ಅವರೂ ಹೋಗಿ ಇಪ್ಪತ್ತು ವರ್ಸ ಆಯ್ತು’ ಎಂದು ನಕ್ಕು, ಬೆಂಚಿನ ಮೇಲೆ ಸರಿದು ಜಾಗ ಕೊಟ್ಟರು.

ನಾನು ಹುಡುಕುತ್ತಿದ್ದುದು ಬ್ರಿಟನ್ನಿನ ರಾಯಲ್ ಏರ್‌ಫೋರ್ಸಿನ 30ನೆಯ ಸ್ಕ್ವಾಡ್ರನ್ನನ್ನು. ಅದರ ಲಾಂಛನ ಒಂದು ಖರ್ಜೂರದ ಮರ. ನೂರು ವರ್ಷ ಮೀರಿದ ಅದರ ಚರಿತ್ರೆಯಲ್ಲಿ ಈಜಿಪ್ಟ್, ಇರಾಕ್, ಗ್ರೀಸ್, ಸಿಲೋನ್, ಬರ್ಮಾ ಎಂದು ಸಾಲುಸಾಲು ಊರುಗಳು ಬರುತ್ತವೆ. ಆ ಸಾಲಿನ ನಡುವೆ ಒಂದು ಕಡೆ, ಓದುವ ಕಣ್ಣು ಗಕ್ಕನೆ ನಿಲ್ಲುವಂತೆ, ನಮ್ಮ ಯಲಹಂಕದ ಹೆಸರಿದೆ. 1944ರ ಮೇ ತಿಂಗಳಲ್ಲಿ ಬಂದಿಳಿದ ಆ ದಳ ಮಳೆಗಾಲ ಮುಗಿಯುವ ಹೊತ್ತಿಗೆ ಹೊರಟುಹೋಯಿತು. ಮುಂಗಾರಿಗೆ ಹೊಲ ಹದ ಮಾಡುವಾಗ ಬಂದವರು, ರಾಗಿ ತೆನೆ ಕಟ್ಟುವ ಮುನ್ನ ಹೋದರು ಎಂದರೆ ನಮ್ಮ ಕಡೆಯವರಿಗೆ ಲೆಕ್ಕ ಬೇಗ ಸಿಗುತ್ತದೆ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಯಲಹಂಕ ಈಗ ನಗರ ಜಿಲ್ಲೆಯಲ್ಲಿದೆ. ಆದರೆ ಬೆಂಗಳೂರು ಜಿಲ್ಲೆ ನಗರ, ಗ್ರಾಮಾಂತರ ಎಂದು ಎರಡಾದದ್ದು 1986ರಲ್ಲಿ. 1944ರಲ್ಲಿ ಇದು ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಜೊತೆಗೆ ಒಂದೇ ಜಿಲ್ಲೆ, ಒಂದೇ ಬಗೆಯ ರಾಗಿಹೊಲ, ಒಂದೇ ಬಗೆಯ ಕೆರೆಸಾಲು. ಜಿಲ್ಲೆಯ ಗಡಿಯನ್ನು ನೆಲದ ಮೇಲೆ ಎಳೆಯಬಹುದು. ಯಲಹಂಕದಿಂದ ಮೇಲೆದ್ದ ವಿಮಾನಕ್ಕೆ ಒಂದೆರಡು ನಿಮಿಷದಲ್ಲಿ ಕೆಳಗೆ ಕಾಣುವುದು ದೊಡ್ಡಬಳ್ಳಾಪುರದ ಕೆರೆ, ದೇವನಹಳ್ಳಿಯ ಕೋಟೆ, ನಂದಿಬೆಟ್ಟದ ಬೋಳುಬಂಡೆ.

ಬೀಸುವ ಕಲ್ಲು ಹೊತ್ತ ವಿಮಾನ

ಸ್ಕ್ವಾಡ್ರನ್ ಎಂದರೆ ಹತ್ತು ಹದಿನೈದು ವಿಮಾನಗಳ ಗುಂಪು ಎಂದು ನಾವು ತಿಳಿಯುತ್ತೇವೆ. ಅದು ಅರ್ಧ ಸತ್ಯ. ವಿಮಾನಗಳು ಹಳತಾಗಿ ಗುಜರಿ ಸೇರುತ್ತವೆ, ಪೈಲಟ್‌ಗಳು ಸಾಯುತ್ತಾರೆ ಅಥವಾ ವರ್ಗವಾಗುತ್ತಾರೆ, ನೆಲೆ ಬದಲಾಗುತ್ತದೆ. ಉಳಿಯುವುದು ಒಂದು ಸಂಖ್ಯೆ, ಒಂದು ಲಾಂಛನ ಮತ್ತು ಹಿಂದಿನವರು ಮಾಡಿದ ಕೆಲಸದ ನೆನಪು. ಮೆಕ್ಯಾನಿಕ್, ಮದ್ದುಗುಂಡು ತುಂಬುವವನು, ಅಡುಗೆಯವನು, ಗುಮಾಸ್ತ, ವೈದ್ಯ ಎಲ್ಲರೂ ಸೇರಿ ಅದೊಂದು ಸಂಚಾರಿ ಹಳ್ಳಿ. ಹಳ್ಳಿಗೆ ಮನೆದೇವರಿದ್ದಂತೆ ದಳಕ್ಕೆ ಅದರ ಲಾಂಛನ.

30ನೆಯ ದಳದ ಲಾಂಛನದಲ್ಲಿ ಖರ್ಜೂರದ ಮರ ಬಂದದ್ದೇಕೆ ಎಂದರೆ ಅದು ಹುಟ್ಟಿ ಬೆಳೆದದ್ದು ಮರುಭೂಮಿಯಲ್ಲಿ. 1915ರಲ್ಲಿ, ಮೊದಲ ಮಹಾಯುದ್ಧದ ಕಾಲಕ್ಕೆ, ಸೂಯೆಜ್ ಕಾಲುವೆಯ ಕಾವಲಿಗೆಂದು ಈಜಿಪ್ಟಿನಲ್ಲಿ ಅದು ರೂಪುಗೊಂಡಿತು. ಅಲ್ಲಿಂದ ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಿಗೆ ಹೋಯಿತು. ಅಲ್ಲಿ ನಡೆದ ಒಂದು ಪ್ರಸಂಗ ನಮಗೂ ಸಂಬಂಧಿಸಿದ್ದು.

ಟೈಗ್ರಿಸ್ ನದಿಯ ಬಾಗಿನಲ್ಲಿರುವ ಕುತ್ ಎಂಬ ಊರಿನಲ್ಲಿ ಬ್ರಿಟಿಷ್ ಇಂಡಿಯಾದ ಆರನೆಯ ಡಿವಿಜನ್ ಸಿಕ್ಕಿಬಿತ್ತು. ಪುಣೆ ಡಿವಿಜನ್ ಎಂದೇ ಅದಕ್ಕೆ ಹೆಸರು. ಸಿಪಾಯಿಗಳಲ್ಲಿ ಹೆಚ್ಚಿನವರು ಭಾರತೀಯರು. 1915ರ ಡಿಸೆಂಬರಿನಲ್ಲಿ ತುರ್ಕರು ಹಾಕಿದ ಮುತ್ತಿಗೆ ಸುಮಾರು ಐದು ತಿಂಗಳು ನಡೆಯಿತು. ಊರೊಳಗೆ ಕಾಳು ತೀರಿತು, ಕುದುರೆಗಳನ್ನು ಕೊಯ್ದು ತಿನ್ನುವ ಸ್ಥಿತಿ ಬಂತು. ಹೊರಗಿನಿಂದ ನುಗ್ಗಿಬರಲು ಮಾಡಿದ ಪ್ರಯತ್ನಗಳೆಲ್ಲ ಸೋತವು. ಕೊನೆಗೆ 1916ರ ಏಪ್ರಿಲಿನಲ್ಲಿ ವಿಮಾನದಿಂದ ಆಹಾರ ಎಸೆಯುವುದೆಂದು ತೀರ್ಮಾನವಾಯಿತು. ಲೋಕದಲ್ಲಿ ಅಂಥ ಪ್ರಯತ್ನ ಹಿಂದೆ ನಡೆದಿರಲಿಲ್ಲವೆನ್ನಬಹುದು.

ಆ ಕಾಲದ ವಿಮಾನ ಎಂದರೆ ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ ಬಡಕಲು ಯಂತ್ರ. ಒಂದು ಬಾರಿಗೆ ಒಂದೆರಡು ಮೂಟೆ ಹೊತ್ತರೆ ಹೆಚ್ಚು. 30ನೆಯ ದಳದವರೂ ನೌಕಾಪಡೆಯ ವಿಮಾನದವರೂ ಸೇರಿ ಹಿಟ್ಟು, ಸಕ್ಕರೆ, ಉಪ್ಪಿನ ಮೂಟೆಗಳನ್ನು ಕಟ್ಟಿಕೊಂಡು ಎರಡು ವಾರ ಹಾರಿದರು. ಏಳೆಂಟು ಟನ್ನಿನಷ್ಟು ಸಾಮಾನು ಬಿತ್ತು. ಕೆಲವು ಮೂಟೆ ನದಿಗೆ ಬಿದ್ದವು, ಕೆಲವು ಶತ್ರುವಿನ ಕಂದಕಕ್ಕೆ. ಊರೊಳಗಿನ ಹಿಟ್ಟಿನ ಗಿರಣಿಗೆ ಕಲ್ಲು ಬೇಕೆಂದಾಗ ಸುಮಾರು 30 ಕಿಲೋ ತೂಕದ ಬೀಸುವ ಕಲ್ಲನ್ನೂ ಪ್ಯಾರಾಚೂಟ್ ಕಟ್ಟಿ ಇಳಿಸಿದರು!

ಇಷ್ಟಾದರೂ ಕುತ್ ಉಳಿಯಲಿಲ್ಲ. ಏಪ್ರಿಲ್ 29ರಂದು ಸುಮಾರು 13,000 ಮಂದಿ ಶರಣಾದರು. ಸೆರೆಯಲ್ಲಿ ಸತ್ತವರು ಸಾವಿರಾರು. ಆದರೆ ಹಸಿದವರ ಮೇಲೆ ಆಕಾಶದಿಂದ ಹಿಟ್ಟು ಸುರಿಯಬಹುದು ಎಂಬುದನ್ನು ಈ ದಳ ತೋರಿಸಿಕೊಟ್ಟಿತು. ಬಾಂಬು ಹಾಕುವುದರ ಜೊತೆಗೆ ಇದನ್ನೂ ಕಲಿತದ್ದು ಅದರ ಭಾಗ್ಯ ಎನ್ನೋಣ.

ಎರಡು ಯುದ್ಧಗಳ ನಡುವೆ ಇರಾಕಿನಲ್ಲೇ ಇದ್ದ ದಳ, ಎರಡನೆಯ ಮಹಾಯುದ್ಧದಲ್ಲಿ ಅಲೆಮಾರಿಯಾಯಿತು. 1940ರ ನವೆಂಬರಿನಲ್ಲಿ, ಇಟಲಿ ಗ್ರೀಸಿನ ಮೇಲೆ ಬಿದ್ದಾಗ, ಗ್ರೀಸಿಗೆ ಮೊದಲು ಹೋದ ಬ್ರಿಟಿಷ್ ವಿಮಾನದಳ ಇದೇ. 1941ರ ಮೇನಲ್ಲಿ ಕ್ರೀಟ್ ದ್ವೀಪದ ಮೇಲೆ ಜರ್ಮನ್ ಪ್ಯಾರಾಚೂಟ್ ಸೈನಿಕರು ಇಳಿದಾಗ, ಹಾರಿಸಲು ವಿಮಾನವಿಲ್ಲದೆ ಈ ದಳದ ಮೆಕ್ಯಾನಿಕ್‌ಗಳು ಬಂದೂಕು ಹಿಡಿದು ನೆಲದ ಮೇಲೆ ಹೋರಾಡಿದರು. 1942ರ ಮಾರ್ಚಿನಲ್ಲಿ ‘ಇಂಡಾಮಿಟಬಲ್’ ಎಂಬ ವಿಮಾನವಾಹಕ ಹಡಗಿನಿಂದ ಹಾರಿ ಹರಿಕೇನ್ ವಿಮಾನಗಳೊಂದಿಗೆ ಸಿಲೋನಿಗೆ ಬಂದಿಳಿದರು. ತಿಂಗಳು ತುಂಬುವುದರೊಳಗೆ, ಏಪ್ರಿಲ್ 5ರ ಈಸ್ಟರ್ ಭಾನುವಾರ, ಪರ್ಲ್ ಹಾರ್ಬರ್ ಮೇಲೆ ಎರಗಿದ್ದ ಅಡ್ಮಿರಲ್ ನಗುಮೊನ ಪಡೆಯೇ ಕೊಲಂಬೊ ಮೇಲೆ ಬಂತು. ರತ್ಮಲಾನದ ನೆಲೆಯಿಂದ ಎದ್ದ 30ನೆಯ ದಳ ಅಂದು ಹಲವು ಹರಿಕೇನ್‌ಗಳನ್ನೂ ಪೈಲಟ್‌ಗಳನ್ನೂ ಕಳೆದುಕೊಂಡಿತು. ಮರುದಿನ ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಜಪಾನಿನ ಬಾಂಬು ಬಿತ್ತು. ಯುದ್ಧ ನಮ್ಮ ಬಾಗಿಲಿಗೇ ಬಂದ ದಿನಗಳು ಅವು.

ಯಲಹಂಕವೇ ಏಕೆ?

1942ರಲ್ಲಿ ಯಲಹಂಕದ ವಿಮಾನನೆಲೆ ಹುಟ್ಟಿದ್ದು ಈ ಭಯದ ನೆರಳಿನಲ್ಲೇ. ಜಾಗದ ಆಯ್ಕೆಯ ಹಿಂದಿನ ಲೆಕ್ಕಾಚಾರ ನಕ್ಷೆ ನೋಡಿದರೆ ತಿಳಿಯುತ್ತದೆ. ಸಮುದ್ರ ದೂರ, ಶತ್ರುವಿನ ಹಡಗಿನಿಂದ ಎದ್ದ ವಿಮಾನ ಇಷ್ಟು ಒಳನಾಡಿಗೆ ಸುಲಭವಾಗಿ ಬರಲಾರದು. ಎತ್ತರ ಸುಮಾರು ಮೂರು ಸಾವಿರ ಅಡಿ. ಬಂಗಾಳದ ಧಗೆಯಿಲ್ಲ, ಬರ್ಮಾ ಗಡಿಯ ಜಡಿಮಳೆಯಿಲ್ಲ. ಯಲಹಂಕದಲ್ಲಿ ರೈಲು ಕೂಡುವ ಸ್ಥಳವಿತ್ತು. ಒಂದು ಹಳಿ ದೊಡ್ಡಬಳ್ಳಾಪುರದ ಮೇಲೆ ಹಿಂದೂಪುರ, ಗುಂತಕಲ್ಲಿನ ಕಡೆಗೆ; ಇನ್ನೊಂದು ದೇವನಹಳ್ಳಿ, ಚಿಕ್ಕಬಳ್ಳಾಪುರದತ್ತ ಹೋಗುವ ಕಿರುಹಳಿ. ಹತ್ತಿರದಲ್ಲೇ ದಂಡು ಪ್ರದೇಶದ ಆಸ್ಪತ್ರೆ, ಉಗ್ರಾಣ.

ಎಲ್ಲಕ್ಕಿಂತ ಮುಖ್ಯವಾಗಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಇತ್ತು. ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಈ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ಸೇನೆ ತನ್ನ ಉಸ್ತುವಾರಿಗೆ ತೆಗೆದುಕೊಂಡು ದೊಡ್ಡ ದುರಸ್ತಿ ಕೇಂದ್ರವನ್ನಾಗಿ ಮಾಡಿತ್ತು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ರಿಪೇರಿಗೆಂದು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದ ಕಾಲ ಅದು. ಇಂದಿನ ಬೆಳ್ಳಂದೂರು ಕೆರೆಯ ನೊರೆ ಕಂಡವರು ಇದನ್ನು ನಂಬುವುದು ಕಷ್ಟ!

1944ರ ಹೊತ್ತಿಗೆ ಹರಿಕೇನ್ ವಿಮಾನಗಳ ಕಾಲ ಮುಗಿದಿತ್ತು. ಬರ್ಮಾದ ಕಾಡಿನ ಮೇಲೆ ದೂರ ಹಾರಿ, ಹೆಚ್ಚು ಭಾರದ ಬಾಂಬು ಹೊತ್ತು, ಗುಂಡೇಟು ತಿಂದರೂ ಮನೆಗೆ ಮರಳುವಂಥ ವಿಮಾನ ಬೇಕಾಗಿತ್ತು. ಅಮೆರಿಕದ ರಿಪಬ್ಲಿಕ್ ಕಂಪನಿಯ ‘ಥಂಡರ್‌ಬೋಲ್ಟ್’ ಅಂಥದ್ದು. ಹೆಸರಿನ ಅರ್ಥ ಸಿಡಿಲು. ಬ್ರಿಟಿಷ್ ವಾಯುಪಡೆ ಇಂಥ ಎಂಟುನೂರಕ್ಕೂ ಹೆಚ್ಚು ವಿಮಾನಗಳನ್ನು ಪಡೆದು ಬಹುಪಾಲನ್ನು ಇತ್ತಲೇ ಕಳಿಸಿತು. ಹರಿಕೇನ್ ನಡೆಸುತ್ತಿದ್ದವರಿಗೆ ಇದನ್ನು ಕಲಿಸಲು ಆರಿಸಿದ ಊರು ಯಲಹಂಕ. ಅದಕ್ಕೆಂದೇ 1670 ಎಂಬ ಸಂಖ್ಯೆಯ ತರಬೇತಿ ಘಟಕ ಇಲ್ಲಿತ್ತು. ಆ ವರ್ಷ ಒಂದರ ಹಿಂದೊಂದು ದಳಗಳು ಬಂದವು: 30, 79, 146, ಮಾಲ್ಟಾ ದ್ವೀಪ ಕಾದು ಹೆಸರಾಗಿದ್ದ 261, ಇನ್ನೂ ಕೆಲವು.

ಏಳು ಟನ್ನಿನ ಸಿಡಿಲು

ಥಂಡರ್‌ಬೋಲ್ಟನ್ನು ಮೊದಲ ಸಲ ಕಂಡವರು ಬೆಚ್ಚಿದರೆ ತಪ್ಪಿಲ್ಲ. ಹರಿಕೇನಿನ ತೂಕ ಪೂರ್ತಿ ತುಂಬಿದಾಗ ಮೂರೂವರೆ ಟನ್ನಿನ ಆಸುಪಾಸು. ಇದು ಸುಮಾರು ಏಳು ಟನ್. ಅಂದರೆ ಒಂದಕ್ಕೆ ಎರಡು. ಮೂಗಿನಲ್ಲಿ 18 ಸಿಲಿಂಡರಿನ, ಎರಡು ಸಾವಿರ ಅಶ್ವಶಕ್ತಿಯ ಎಂಜಿನ್. ಎರಡು ರೆಕ್ಕೆಗಳಲ್ಲಿ ನಾಲ್ಕು ನಾಲ್ಕರಂತೆ ಎಂಟು ಮೆಷಿನ್‌ಗನ್. ಪೈಲಟ್ ಕೂರುವ ಜಾಗ ಎಷ್ಟು ವಿಶಾಲವೆಂದರೆ, ಶತ್ರು ಗುಂಡು ಹಾರಿಸಿದಾಗ ಒಳಗೇ ಓಡಾಡಿ ತಪ್ಪಿಸಿಕೊಳ್ಳಬಹುದು ಎಂಬುದು ಬ್ರಿಟಿಷ್ ಪೈಲಟ್‌ಗಳ ಹಳೆಯ ನಗೆಮಾತು. ಅದರ ಗುಂಡುಗುಂಡಾದ ಆಕಾರ ನೋಡಿ ಅಮೆರಿಕನ್ನರು ‘ಜಗ್’ ಎಂದು ಕರೆದರು. ನಮ್ಮವರಾದರೆ ‘ಗುಡಾಣ’ ಎನ್ನುತ್ತಿದ್ದರೇನೋ.

ಆದರೆ ಅದರ ಗುಣವೂ ಅಲ್ಲೇ ಇತ್ತು. ಹರಿಕೇನಿನ ಎಂಜಿನ್ ತಂಪಾಗಲು ದ್ರವ ಬೇಕು. ಆ ಕೊಳವೆಗೆ ಒಂದು ಗುಂಡು ತಗುಲಿದರೆ ದ್ರವ ಸೋರಿ ಎಂಜಿನ್ ಬಿಸಿಯಾಗಿ ನಿಲ್ಲುತ್ತದೆ. ಥಂಡರ್‌ಬೋಲ್ಟಿನ ಎಂಜಿನ್ ಗಾಳಿಯಿಂದಲೇ ತಂಪಾಗುವಂಥದ್ದು. ಪೆಟ್ಟು ತಿಂದರೂ ಓಡುತ್ತಿತ್ತು. ಕೆಳಗೆ ನೂರಾರು ಮೈಲಿ ಕಾಡೇ ಇರುವ ಬರ್ಮಾದಲ್ಲಿ ಇದು ಜೀವದ ಪ್ರಶ್ನೆ.

ಕಲಿಯುವುದು ಹೇಗೆ? ಇದು ಒಂಟಿ ಸೀಟಿನ ವಿಮಾನ. ಹಿಂದೆ ಗುರು ಕುಳಿತು ‘ಹೀಗಲ್ಲ, ಹಾಗೆ’ ಎನ್ನುವಂತಿಲ್ಲ. ಕೈಪಿಡಿ ಓದಬೇಕು. ನಿಂತ ವಿಮಾನದಲ್ಲಿ ಕುಳಿತು ಒಂದೊಂದು ಗುಂಡಿ, ಒಂದೊಂದು ಸನ್ನೆಗೋಲು ಎಲ್ಲಿದೆಯೆಂದು ಕೈಗೆ ರೂಢಿಮಾಡಬೇಕು. ಕಣ್ಣಿಗೆ ಬಟ್ಟೆ ಕಟ್ಟಿ ಕೇಳಿದರೂ ತಟ್ಟನೆ ಮುಟ್ಟಿ ತೋರಿಸಬೇಕು. ಆ ಕಾಲದ ಪೈಲಟ್‌ಗಳಿಗೆ ಅದು ಸಾಮಾನ್ಯ ಪರೀಕ್ಷೆ. ಆಮೇಲೆ ಮೊದಲ ಹಾರಾಟವೇ ಒಬ್ಬಂಟಿಯಾಗಿ. ಅದರ ಮೇಲೆ ನಮ್ಮ ಪ್ರಸ್ಥಭೂಮಿಯ ತೆಳುಗಾಳಿ ಬೇರೆ. ಮೂರು ಸಾವಿರ ಅಡಿ ಎತ್ತರದಲ್ಲಿ ಗಾಳಿಯ ಸಾಂದ್ರತೆ ಕಡಿಮೆ. ಸಮುದ್ರತೀರದಲ್ಲಿ ಬೇಕಾಗುವುದಕ್ಕಿಂತ ಹೆಚ್ಚು ದೂರ ಓಡಿದ ಮೇಲೆಯೇ ಏಳು ಟನ್ನಿನ ಗುಡಾಣ ನೆಲ ಬಿಡುವುದು.

30ನೆಯ ದಳದ ಧ್ಯೇಯವಾಕ್ಯ ಫ್ರೆಂಚಿನದು. ಪದಕ್ಕೆ ಪದ ಹೇಳಿದರೆ ‘ಹೊಟ್ಟೆ ನೆಲಕ್ಕೆ’. ಕುದುರೆ ಕಾಲುಗಳನ್ನು ಚಾಚಿ ಹೊಟ್ಟೆ ನೆಲ ಸವರುವಂತೆ ಓಡುವ ಪರಿ ಅದು. ಕನ್ನಡದಲ್ಲಿ ನಾಗಾಲೋಟ ಎಂಬ ಸೊಗಸಾದ ಮಾತೇ ಇದೆಯಲ್ಲ! ಯಲಹಂಕದ ಓಟದ ಹಾದಿಯಲ್ಲಿ ಆ ಮಳೆಗಾಲ ನಾಗಾಲೋಟದ ಮಳೆಗಾಲ.

ಆ ತಿಂಗಳುಗಳಲ್ಲಿ ಲೋಕ ಹೇಗಿತ್ತು? ಇಂಫಾಲ, ಕೊಹಿಮಾಗಳಲ್ಲಿ ಘೋರ ಕಾಳಗ ನಡೆಯುತ್ತಿತ್ತು. ಬಂಗಾಳದಲ್ಲಿ ಹಿಂದಿನ ವರ್ಷದ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತಿದ್ದರು. ಬೆಂಗಳೂರಿನ ಸುತ್ತ ಇಟಲಿಯ ಯುದ್ಧಕೈದಿಗಳ ಶಿಬಿರಗಳಿದ್ದವು. ಅವರ ದೇಶದವರ ವಿರುದ್ಧ ಗ್ರೀಸಿನಲ್ಲಿ ಹಾರಿದ ದಳ ಈಗ ಅವರ ತಲೆಯ ಮೇಲೆಯೇ ಅಭ್ಯಾಸ ಮಾಡುತ್ತಿತ್ತು. ಇನ್ನು ಹಳ್ಳಿಗಳಲ್ಲಿ ಎಂದಿನಂತೆ ಕೂರಿಗೆ ಹೂಡಿ ಬಿತ್ತನೆ, ಕುಂಟೆ ಹೊಡೆಯುವುದು, ಕಳೆ ಕೀಳುವುದು. ರಾಗಿಯ ಸಾಲಿನ ನಡುವೆ ಅವರೆ, ಹುಚ್ಚೆಳ್ಳು. ಎರಡು ಸಾವಿರ ಕುದುರೆಯ ಎಂಜಿನ್ ತಲೆಯ ಮೇಲೆ ಗುಡುಗಿದಾಗ ಎತ್ತು ನೊಗ ಕಿತ್ತುಕೊಂಡು ಓಡಿತೇ, ಮಕ್ಕಳು ಅಳುತ್ತ ಒಳಗೆ ಸೇರಿಕೊಂಡವೇ, ಬರೆದಿಟ್ಟವರು ಯಾರೂ ನನಗೆ ಸಿಗಲಿಲ್ಲ. ದಳದ ಕಡೆ ದಿನಚರಿ ಬರೆಯುವ ಗುಮಾಸ್ತನಿದ್ದ. ಹೊಲದ ಕಡೆ ಬರೆಯುವವರಿರಲಿಲ್ಲ. ನಾನು ಆ ಚಹಾದಂಗಡಿಗೆ ಬರುವ ಹೊತ್ತಿಗೆ ಕೇಳಬೇಕಾದವರೂ ಇರಲಿಲ್ಲ.

ಬಂದ ದಾರಿ, ಹೋದ ದಾರಿ

ಸೆಪ್ಟೆಂಬರಿನಲ್ಲಿ 146 ಮತ್ತು 261ನೆಯ ದಳಗಳು ಥಂಡರ್‌ಬೋಲ್ಟಿನೊಂದಿಗೆ ಬರ್ಮಾ ರಣರಂಗಕ್ಕೆ ಇಳಿದವು. ಅಕ್ಟೋಬರಿನಲ್ಲಿ 30ನೆಯ ದಳ. ರಂಗೂನಿನತ್ತ ಹೋಗುವ ದೊಡ್ಡ ಬಾಂಬರುಗಳಿಗೆ ಬೆಂಗಾವಲು, ಹದಿನಾಲ್ಕನೆಯ ಸೇನೆಯ ಮುಂದೆ ಶತ್ರುವಿನ ಬಂಕರುಗಳ ಮೇಲೆ ದಾಳಿ, ಇದೇ ಅವರ ಕೆಲಸವಾಯಿತು. 1945ರ ಮೇ ಆರಂಭದಲ್ಲಿ ರಂಗೂನು ಮರಳಿ ಕೈಸೇರಿತು. ಆಗಸ್ಟಿನಲ್ಲಿ ಜಪಾನ್ ಶರಣಾಯಿತು. ಎರವಲು ಕರಾರಿನಲ್ಲಿ ಅಮೆರಿಕದಿಂದ ಬಂದಿದ್ದ ವಿಮಾನಗಳನ್ನು ಯುದ್ಧಾನಂತರ ಇಟ್ಟುಕೊಳ್ಳುವಂತಿರಲಿಲ್ಲ. ಹಲವು ಥಂಡರ್‌ಬೋಲ್ಟ್‌ಗಳು ಗುಜರಿಯಾದವು.

ದಳವನ್ನು 1946ರ ಕೊನೆಗೆ ವಿಸರ್ಜಿಸಿದರು. ಮರುವರ್ಷವೇ ಅದೇ ಸಂಖ್ಯೆ, ಅದೇ ಖರ್ಜೂರದ ಮರ ಹೊತ್ತು ಅದು ಇಂಗ್ಲೆಂಡಿನಲ್ಲಿ ಮರುಹುಟ್ಟು ಪಡೆಯಿತು. ಈ ಬಾರಿ ಫೈಟರ್ ಅಲ್ಲ, ಡಕೋಟ ಎಂಬ ಸಾಗಣೆ ವಿಮಾನ. 1948ರಲ್ಲಿ ಸೋವಿಯತ್ ಪಡೆಗಳು ಪಶ್ಚಿಮ ಬರ್ಲಿನ್ನಿಗೆ ನೆಲದ ದಾರಿಗಳನ್ನೆಲ್ಲ ಮುಚ್ಚಿದಾಗ ಇಡೀ ನಗರಕ್ಕೆ ಆಹಾರ, ಕಲ್ಲಿದ್ದಲು ಹೊತ್ತ ವಿಮಾನಗಳ ಸಾಲಿನಲ್ಲಿ ಈ ದಳವೂ ಇತ್ತು. ಕುತ್‌ನಲ್ಲಿ ಆಗದೆ ಉಳಿದ ಕೆಲಸ ಬರ್ಲಿನ್ನಿನಲ್ಲಿ ಕೈಗೂಡಿತು. ಅಂದಿನಿಂದ ಅದು ಸಾಗಣೆ ದಳವಾಗಿಯೇ ಉಳಿದಿದೆ. 2021ರಿಂದ ‘ಅಟ್ಲಾಸ್’ ಎಂಬ ದೈತ್ಯ ವಿಮಾನಗಳನ್ನು ನಡೆಸುತ್ತಿದೆ.

ಎಲ್ಲರೂ ಮನೆಗೆ ಮರಳಲಿಲ್ಲ. ಮದರಾಸಿನ ನಂದಂಬಾಕ್ಕಂನಲ್ಲಿ 1952ರಲ್ಲಿ ನಿರ್ಮಿಸಿದ ಯುದ್ಧ ಸ್ಮಶಾನವಿದೆ. ದಕ್ಷಿಣ ಮತ್ತು ಪೂರ್ವ ಭಾರತದ ಹಲವು ಊರುಗಳಲ್ಲಿ ಚದುರಿದ್ದ ಸಮಾಧಿಗಳನ್ನು ಅಲ್ಲಿಗೆ ಒಟ್ಟುಗೂಡಿಸಿದರು. ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಹೋಗಿದ್ದಾಗ, ಹದ್ದಿನ ಗುರುತಿನ ಬಿಳಿಕಲ್ಲುಗಳ ಮುಂದೆ ನಡೆಯುತ್ತ ವಯಸ್ಸುಗಳನ್ನು ಓದಿದೆ. ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ತಮೂರು. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿ ಮುಂದೇನು ಎಂದು ಯೋಚಿಸುವ ಹುಡುಗರ ವಯಸ್ಸು. ಇವರಲ್ಲಿ ಯಾರಿಗೆ ಯಲಹಂಕದ ಕೆಮ್ಮಣ್ಣು ಬೂಟಿಗೆ ಅಂಟಿತ್ತೋ ಎಂಬ ಪ್ರಶ್ನೆಯೇ ನನ್ನನ್ನು ಈ ರಸ್ತೆಗೆ ತಂದದ್ದು.

ಗೋಡೆಯ ಆಚೆ, ಗೋಡೆಯ ಈಚೆ

ಯುದ್ಧ ಮುಗಿದ ಮೇಲೆ ಸುಮ್ಮನಿದ್ದ ನೆಲೆಗೆ 1963ರಲ್ಲಿ, ಚೀನಾ ಯುದ್ಧದ ಮರುವರ್ಷ, ನಮ್ಮ ವಾಯುಪಡೆ ಮತ್ತೆ ಜೀವ ಕೊಟ್ಟಿತು. ವಿಚಿತ್ರವೆಂದರೆ ಅಂದು ಮಾಡಿದ ಕೆಲಸವನ್ನೇ ಯಲಹಂಕ ಇಂದೂ ಮಾಡುತ್ತಿದೆ: ಹಾರಲು ಕಲಿಸುವುದು. ಸಾಗಣೆ ವಿಮಾನಗಳ ಪೈಲಟ್‌ಗಳು ಇಲ್ಲಿ ತಯಾರಾಗುತ್ತಾರೆ. ಹೆಲಿಕಾಪ್ಟರ್ ದಳವೂ ಇದೆ. 112ನೆಯ ಹೆಲಿಕಾಪ್ಟರ್ ಘಟಕ. ಸಿಯಾಚಿನ್ ಹಿಮದಿಂದ ಹಿಡಿದು ನೆರೆಹಾವಳಿಯ ಹಳ್ಳಿಗಳವರೆಗೆ ಸೈನಿಕರನ್ನೂ ಆಹಾರದ ಪೊಟ್ಟಣಗಳನ್ನೂ ಹೊತ್ತ ರಷ್ಯನ್ ‘ಎಂಐ-8’ ಹೆಲಿಕಾಪ್ಟರುಗಳಿಗೆ ನಾಲ್ಕು ದಶಕ ಮೀರಿದ ಸೇವೆಯ ನಂತರ ಬೀಳ್ಕೊಡುಗೆ ನಡೆದದ್ದು ಇದೇ ಯಲಹಂಕದಲ್ಲಿ, 2017ರ ಡಿಸೆಂಬರ್ 17ರಂದು.

1996ರಿಂದ ಇಲ್ಲಿ ನಡೆಯುತ್ತಿರುವ ‘ಏರೋ ಇಂಡಿಯಾ’ ಪ್ರದರ್ಶನದಿಂದಾಗಿ ಯಲಹಂಕದ ಹೆಸರು ಲೋಕಕ್ಕೆಲ್ಲ ಗೊತ್ತು. 2025ರ ಫೆಬ್ರವರಿಯಲ್ಲಿ ನಡೆದದ್ದು ಹದಿನೈದನೆಯದು. ಅಮೆರಿಕದ ಎಫ್-35, ರಷ್ಯದ ಸುಖೋಯ್-57 ಎರಡೂ ಒಂದೇ ಆಕಾಶದಡಿ ಕಾಣಿಸಿಕೊಂಡವು. ಚಪ್ಪಾಳೆಯ ಜೊತೆಗೆ ಕಣ್ಣೀರೂ ಇಲ್ಲಿದೆ. 2007ರ ಫೆಬ್ರವರಿ 2ರಂದು ‘ಸಾರಂಗ್’ ತಂಡದ ಹೆಲಿಕಾಪ್ಟರ್ ಅಭ್ಯಾಸದ ವೇಳೆ ಬಿದ್ದು ಸ್ಕ್ವಾಡ್ರನ್ ಲೀಡರ್ ಪ್ರಿಯೆ ಶರ್ಮಾ ತೀರಿಕೊಂಡರು. 2019ರ ಫೆಬ್ರವರಿ 19ರಂದು ‘ಸೂರ್ಯಕಿರಣ’ ತಂಡದ ಎರಡು ಹಾಕ್ ವಿಮಾನಗಳು ಅಭ್ಯಾಸದಲ್ಲೇ ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಅಸುನೀಗಿದರು. ಎಂಬತ್ತು ವರ್ಷದ ಹಿಂದಿನ ತರಬೇತಿಯಲ್ಲಿ ಪ್ರಾಣ ಎಷ್ಟು ಅಗ್ಗವಾಗಿತ್ತೆಂದು ಊಹಿಸಲು ಈ ಎರಡು ದಿನ ಸಾಕು.

ಗೋಡೆಯ ಈಚೆಯೂ ಒಂದು ಕಥೆಯಿದೆ. ಯಲಹಂಕದ ಓಟದ ಹಾದಿಯಿಂದ ಆರಂಭವಾದ ವಿಮಾನದ ನಂಟು ಉತ್ತರಕ್ಕೆ ಹಬ್ಬಿತು. 2008ರ ಮೇ 24ರಂದು ದೇವನಹಳ್ಳಿಯಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ತೆರೆಯಿತು. ಸುಮಾರು ನಾಲ್ಕು ಸಾವಿರ ಎಕರೆ. 2013ರಲ್ಲಿ ಅದಕ್ಕೆ ಯಲಹಂಕ ನಾಡಪ್ರಭುಗಳ ವಂಶದ ಕೆಂಪೇಗೌಡರ ಹೆಸರು ಬಂತು. ಅದರ ಸುತ್ತ ವಿಮಾನದ ಬಿಡಿಭಾಗ ತಯಾರಿಸುವ ಕೈಗಾರಿಕಾ ಪ್ರದೇಶ ಬಂತು. ಇನ್ನಷ್ಟು ಜಾಗಕ್ಕೆಂದು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಮಿಗೆ ನೋಟಿಸು ಬಂದಾಗ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ಬರೆಯುವವರಿಲ್ಲದ ಹೊಲದ ಕಡೆಯವರು ಈ ಬಾರಿ ತಮ್ಮ ದಿನಚರಿಯನ್ನು ತಾವೇ ಬರೆದುಕೊಂಡರು ಎನ್ನಬೇಕು.

ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯ ಸ್ಮಾರಕವಿದೆ. 1918ರಲ್ಲಿ ಹೈಫಾದಲ್ಲಿ ಹೋರಾಡಿದ ನಮ್ಮವರ ನೆನಪಿಗೆ ಒಂದು ಕಲ್ಲಾದರೂ ನಿಂತಿದೆ. ನಮ್ಮ ಊರಿಗೆ ಬಂದು ಒಂದು ಮಳೆಗಾಲ ಕಳೆದ ಈ ಪರದೇಶಿಗಳ ಗುರುತು ರಸ್ತೆಯಲ್ಲಿ ನಿಂತವನಿಗೆ ಎಲ್ಲೂ ಕಾಣಲಿಲ್ಲ. ಅವರು ನಮ್ಮನ್ನು ಆಳಿದವರ ಕಡೆಯವರು, ಅವರಿಗೆ ಕಲ್ಲು ನೆಡಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಊರಿನ ಕಥೆಯಿಂದ ಅವರನ್ನು ಬಿಟ್ಟರೆ, ಈ ಓಟದ ಹಾದಿ ಇಲ್ಲೇಕೆ ಬಂತು, ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಹಣೆಬರಹ ಆಕಾಶಕ್ಕೆ ಏಕೆ ಗಂಟುಬಿತ್ತು ಎಂಬುದು ನಮ್ಮ ಮಕ್ಕಳಿಗೆ ಅರ್ಥವಾಗುವುದಿಲ್ಲ. ನಿಮ್ಮ ಮನೆಯಲ್ಲಿ ತೊಂಬತ್ತರ ಅಂಚಿನ ಅಜ್ಜಿಯೋ ತಾತನೋ ಇದ್ದರೆ, ಯಲಹಂಕದ ಸುತ್ತಮುತ್ತಲಿನವರಾದರೆ, ಇವತ್ತೇ ಕೇಳಿ ಬರೆದಿಡಿ. ನಾನು ತಡವಾಗಿ ಹೊರಟೆ.

ಚಹಾದಂಗಡಿಯ ಹಿರಿಯರಿಗೆ ಇಷ್ಟೆಲ್ಲ ಹೇಳುವಷ್ಟು ಹೊತ್ತಿರಲಿಲ್ಲ. ಕುತ್‌ನ ಕಥೆಯನ್ನಷ್ಟೇ ಹೇಳಿದೆ. ಬೀಸುವ ಕಲ್ಲನ್ನು ವಿಮಾನದಿಂದ ಇಳಿಸಿದರು ಎಂದಾಗ ಅವರು ಲೋಟ ಕೆಳಗಿಟ್ಟರು.

‘ಬರೀ ಕಾಳು ಆಕಿದ್ರೆ ಏನ್ ಮಾಡಾಕಾಯ್ತದೆ ಸ್ವಾಮಿ? ಇಟ್ಟಾಗಬೇಕಾದ್ರೆ ಕಲ್ಲೂ ಬೇಕಲ್ಲ. ತಿಳಿದೋರೇ ಇದ್ರು ಬಿಡಿ’ ಎಂದರು.

ಅಷ್ಟರಲ್ಲಿ ಪೂರ್ವದ ಕಡೆಯಿಂದ ಎರಡು ಪ್ರೊಪೆಲರಿನ ಸಾಗಣೆ ವಿಮಾನವೊಂದು ಗೋಡೆ ದಾಟಿ, ರಸ್ತೆಯ ಮೇಲೆ ಹಾದು, ಪಶ್ಚಿಮಕ್ಕೆ ಏರಿತು. ಯಾರೋ ಕಲಿಯುತ್ತಿದ್ದರು. ಚಹಾ ಸೋಸುತ್ತಿದ್ದ ಹುಡುಗ ತಲೆ ಎತ್ತಲಿಲ್ಲ. ದೊಡ್ಡಬಳ್ಳಾಪುರದ ಬಸ್ಸು ಬಂತು, ಹತ್ತಿದೆ. ರಾಜಾನುಕುಂಟೆ ದಾಟಿ ಮಾರಸಂದ್ರದ ಕಡೆ ಸಾಗುವಾಗ ಲೇಔಟುಗಳ ನಡುವೆ ಒಂದು ತುಂಡು ರಾಗಿಹೊಲ ಕಂಡಿತು. ಮೊಣಕಾಲೆತ್ತರ ಬೆಳೆದಿತ್ತು. ತೆನೆಗೆ ಇನ್ನೂ ಕಾಲವಿತ್ತು.